ಅದು ನಿದ್ದೆಯಲ್ಲ

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಕೂಲಿಕಾರರು, ಬಡವರು. ಅಂದು ವಿಷ ಬೆರೆಸಿದವನು ಮಾರುವವನು. ಇಂದು ಕುಡಿತದ ಮೇಲೆ ನಿದ್ದೆಗುಳಿಗೆ, ಟ್ರಮಡಾಲಿನಂಥ ನೋವಿನ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಔಷಧಿ ಸೇರಿಸಿ ಹುಡುಗರು ತಾವೇ ಬೆರೆಸಿಕೊಳ್ಳುತ್ತಿದ್ದಾರೆ. ಇವು ಒಂದೊಂದೂ ಉಸಿರಾಟವನ್ನು ನಿಧಾನ ಮಾಡುತ್ತವೆ. ಕೂಡಿದರೆ ಉಸಿರೇ ನಿಲ್ಲಬಹುದು. 'ಎಲ್ಲಾ ಸ್ವಲ್ಪ ಸ್ವಲ್ಪ ತಗೊಂಡೀನಿ' ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹಾಸ್ಟೆಲ್ ಗೆಳೆಯರೇ, 'ಗೊರಕಿ ಹೊಡ್ಯಾಕತ್ಯಾನ, ಮಲಗ್ಲಿ ಬಿಡು' ಅನ್ನಬೇಡಿ. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ತಡೆತಡೆದು ಬಂದರೆ, ತುಟಿ ನೀಲಿಗಟ್ಟಿದರೆ ಅದು ನಿದ್ದೆಯಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ. ಉಸಿರಿದ್ದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ. ನಿಂತಿದ್ದರೆ ಎದೆಯ ನಡುವೆ ಜೋರಾಗಿ, ಬಿಡದೆ ಒತ್ತಿ. ಮಜ್ಜಿಗೆ, ಲಿಂಬೆರಸ, ಉಪ್ಪುನೀರು ಕುಡಿಸಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಒಬ್ಬನನ್ನೇ ಬಿಟ್ಟು ಹೋಗಬೇಡಿ. ಏನೇನು ತಗೊಂಡಿದ್ದ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಖಾಲಿ ಸ್ಟ್ರಿಪ್ಪು, ಬಾಟಲಿ ಒಯ್ಯಿರಿ.

ವಾರ್ಡನ್ ಬೈತಾರ, ಪೊಲೀಸರು ಬರ್ತಾರ, ಸೀಟು ಹೋಗತೈತಿ ಅನ್ನೋ ಭಯವೇ ಎಷ್ಟೋ ಸಲ ಜೀವ ತೆಗೆಯುತ್ತದೆ. ಹೋದ ಸೀಟಿಗೆ ಕೂಡಿ ಹೋರಾಡೋಣ. ಹೋದ ಜೀವಕ್ಕೆ ಯಾವ ಹೋರಾಟ? ಗೆಳೆಯನನ್ನು ಆಸ್ಪತ್ರೆಗೆ ಒಯ್ದವನಿಗೂ, ಉಳಿದು ಬಂದವನಿಗೂ ಹಾಸ್ಟೆಲಿನಿಂದ ಹೊರಹಾಕುವ ಶಿಕ್ಷೆ ಬೇಡ. ಇದು ನಮ್ಮ ಬೇಡಿಕೆ.

ಚಟ ಬಿಡಬೇಕೆನ್ನುವವರಿಗೆ 14446 ಉಚಿತ ಸಹಾಯವಾಣಿ ಇದೆ. ನಾಚಿಕೆ ಬೇಡ. ಕೂಲಿ ಮಾಡಿ ನಮ್ಮನ್ನು ಓದಾಕ ಕಳಿಸಿದ ಅವ್ವ ಅಪ್ಪ ಕಾಯ್ತಿರೋದು ಮಗನಿಗಾಗಿ, ಹೆಣಕ್ಕಲ್ಲ.

ಜೈ ಭೀಮ್.