ಹೂಂ ಅಂದವರೆಲ್ಲ ಒಪ್ಪಿದವರಲ್ಲ

ಕಾಗವಾಡದ ಬಸ್ ನಿಲ್ದಾಣ. ಮಿರಜ ಬಸ್ಸಿಗೆ ಕಾಯುತ್ತ ಕುಳಿತ ರೈತರೊಬ್ಬರು ಮೊಬೈಲು ಕಿವಿಗೆ ಹಚ್ಚಿಕೊಂಡು ಐದು ನಿಮಿಷ ಮಾತಾಡಿದರು ಎನ್ನಿ. ಅಷ್ಟೂ ಹೊತ್ತು ಅವರ ಬಾಯಿಂದ ಹೊರಟದ್ದು ಇಷ್ಟೇ: ‘ಹೂಂ... ಹೂಂ ಹೂಂ... ಹೂಂ?... ಉಹೂಂ... ಹೂಽಽಂ... ಹೂಂನ್ರೀ.’ ಫೋನು ಜೇಬಿಗೆ ಸೇರುವ ಹೊತ್ತಿಗೆ ಪಕ್ಕದಲ್ಲಿ ಕುಳಿತವರಿಗೆ ವ್ಯವಹಾರ ಮುಕ್ಕಾಲು ಪಾಲು ತಿಳಿದುಹೋಗಿರುತ್ತದೆ. ಆ ಕಡೆಯವರು ವಯಸ್ಸಿನಲ್ಲೋ ಮಾನದಲ್ಲೋ ದೊಡ್ಡವರು. ಬಹಳ ಉದ್ದಕ್ಕೆ ಹೇಳಿದರು. ನಡುವೆ ನಂಬಲಾಗದ ಸುದ್ದಿಯೊಂದು ಬಂತು. ಅವರು ಏನೋ ಕೇಳಿದರು, ಇವರು ಒಲ್ಲೆ ಅಂದರು. ಕಡೆಗೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡರು. ಅಕ್ಷರ ಒಂದೇ, ಕತೆ ಪೂರ್ತಿ.

ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಇಂಥ ಶಬ್ದಗಳಿಗೆ ಅವ್ಯಯವೆಂದು ಹೆಸರು. ಲಿಂಗ, ವಚನ, ವಿಭಕ್ತಿ ಯಾವುದಕ್ಕೂ ಜಗ್ಗದೆ ಇದ್ದಂತೆಯೇ ಇರುವುದು ಅವ್ಯಯ. ‘ಅಯ್ಯೋ’, ‘ಅಬ್ಬಾ’ ಭಾವಸೂಚಕ. ‘ಹೌದು’, ‘ಬೇಡ’, ‘ಉಂಟು’ ಕ್ರಿಯಾರ್ಥಕ. ‘ಹೂಂ’ ಎರಡೂ ಮನೆಯ ಅಳಿಯ. ಅದರ ರೂಪ ಬದಲಾಗುವುದಿಲ್ಲ ಎನ್ನುವುದೇನೋ ನಿಜ. ಅರ್ಥ ಮಾತ್ರ ಗಳಿಗೆಗೊಂದು ಬಗೆ.

ಗಿಡ್ಡಗೆ, ಕೆಳಕ್ಕೆ ಇಳಿದರೆ ಒಪ್ಪಿಗೆ. ಕೊನೆ ಮೇಲಕ್ಕೆದ್ದರೆ ‘ಹೌದೇ?’ ಎಂಬ ಪ್ರಶ್ನೆ. ಎರಡೆರಡು ಸಲ ಬೇಗಬೇಗ ಬಂದರೆ ‘ಗೊತ್ತಾಯಿತು, ಮುಂದೆ ಹೇಳು’. ಉದ್ದಕ್ಕೆ ಎಳೆದು ಉಸಿರು ಬಿಟ್ಟರೆ ‘ಮತ್ತೇನು ಮಾಡೂದು’ ಎಂಬ ನಿಟ್ಟುಸಿರು. ಹುಬ್ಬು ಗಂಟಿಕ್ಕಿ ಮೂಗಿನಲ್ಲೇ ನಿಲ್ಲಿಸಿದರೆ ‘ನೋಡ್ಕೋತೀನಿ ನಿನ್ನ’. ಹಿಂದೆ ‘ರೀ’ ಹತ್ತಿದರೆ ಹಿರಿಯರಿಗೆ, ‘ಲೇ’ ಹತ್ತಿದರೆ ಗೆಳೆಯನಿಗೆ, ‘ಬೇ’ ಹತ್ತಿದರೆ ಅವ್ವನಿಗೆ. ಮುಂದೊಂದು ‘ಉ’ ಬಂತೋ, ಇಡೀ ಅರ್ಥವೇ ತಲೆಕೆಳಗಾಗಿ ‘ಇಲ್ಲ’ ಎಂದಾಗುತ್ತದೆ.

ಕಾಗದದ ಮೇಲೆ ಇವೆಲ್ಲಕ್ಕೂ ನಾವು ಬರೆಯುವುದು ಅದೇ ‘ಹೂಂ’. ಲಿಪಿಗೆ ರಾಗ ಗೊತ್ತಿಲ್ಲ. ಚೀನೀ ಭಾಷೆಯಲ್ಲಿ ಹಾಗಲ್ಲ. ಅಲ್ಲಿ ದನಿಯ ಏರಿಳಿತವೇ ಶಬ್ದದ ಅಂಗ. ನಮ್ಮ ‘ಹೂಂ’ಗೆ ಹತ್ತಿರದ ಮೂಗಿನ ಸದ್ದೊಂದು ಅವರಲ್ಲೂ ಇದೆ; ಅವರ ನಿಘಂಟುಗಳು ಅದನ್ನು ಬೇರೆ ಬೇರೆ ಏರಿಳಿತಗಳಲ್ಲಿ ಬೇರೆ ಬೇರೆಯಾಗಿಯೇ ಕೊಡುತ್ತವೆ. ಏರುದನಿಯದು ಸಂಶಯಕ್ಕೆ, ಇಳಿದು ಏರುವುದು ಅಚ್ಚರಿಗೆ, ಇಳಿದನಿಯದು ಸಮ್ಮತಿಗೆ. ಕನ್ನಡದಲ್ಲಿ ದನಿ ಬದಲಿಸಿದ ಮಾತ್ರಕ್ಕೆ ‘ಮರ’ ಎಂಬುದು ಬೇರೇನೋ ಆಗಿಬಿಡುವುದಿಲ್ಲ. ಆದರೆ ‘ಹೂಂ’ ಅನ್ನುವಾಗ ಮಾತ್ರ ಕಾಗವಾಡದವರೂ ಗಳಿಗೆಯ ಮಟ್ಟಿಗೆ ಚೀನೀಯರೇ.

‘ಹೂಂ’ನ ತಮ್ಮನೊಬ್ಬನಿದ್ದಾನೆ, ‘ಆಂ?’. ಮಾತು ಸರಿಯಾಗಿ ಕೇಳಿಸದಿದ್ದಾಗ ಬಾಯಿಗೆ ಬರುವ ಸದ್ದು. ಗಡಿಯ ಆಚೆ ಮರಾಠಿಯವರು ‘ಅಂ?’ ಅನ್ನುತ್ತಾರೆ. ಡಿಂಗೆಮಾನ್ಸೆ, ಟೊರೈರಾ, ಎನ್‌ಫೀಲ್ಡ್ ಎಂಬ ಮೂವರು ಭಾಷಾವಿಜ್ಞಾನಿಗಳು ಜಗತ್ತಿನ 31 ಭಾಷೆಗಳಲ್ಲಿ ಈ ಸದ್ದನ್ನೇ ಹುಡುಕಿಕೊಂಡು ಹೋಗಿ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳಲ್ಲೂ ಅದು ಹೆಚ್ಚುಕಡಿಮೆ ಒಂದೇ ಥರ ಇದೆ ಎನ್ನುವುದು ಅವರು ಕಂಡುಕೊಂಡದ್ದು. ಅವಸರದಲ್ಲಿ ಸಲೀಸಾಗಿ ಹೊರಡಬೇಕು, ಕೇಳಿದ ಕೂಡಲೇ ಪ್ರಶ್ನೆಯೆಂದು ತಿಳಿಯಬೇಕು. ಈ ಎರಡು ಅಗತ್ಯಗಳೇ ಎಲ್ಲ ಕಡೆಯೂ ಆ ಸದ್ದನ್ನು ಒಂದೇ ಅಚ್ಚಿಗೆ ತಂದಿವೆ ಎಂಬುದು ಅವರ ವಾದ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ 2015ರಲ್ಲಿ ಅವರಿಗೆ ಬಂತು.

ಗಡಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಕಾಗವಾಡ ದಾಟಿದರೆ ಮ್ಹೈಸಾಳ, ಅದರಾಚೆ ಮಿರಜ, ಮಿರಜದ ಮಗ್ಗುಲಲ್ಲೇ ಕುಪವಾಡ. ಈ ಕುಪವಾಡ ಭಾಷಾವಿಜ್ಞಾನದ ಪುಸ್ತಕಗಳಲ್ಲಿ ದೊಡ್ಡ ಹೆಸರು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಮನೆಮಾತಾಗಿದ್ದ ಆ ಊರಿನ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು. ಶತಮಾನಗಳ ಕೊಡುಕೊಳ್ಳುವಿಕೆಯಿಂದ ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯದ ಕಟ್ಟು ಎಷ್ಟು ಹತ್ತಿರ ಬಂದಿದೆಯೆಂದರೆ, ಪದಕ್ಕೆ ಪದ ಇಟ್ಟರೆ ಅನುವಾದ ಮುಗಿಯಿತು ಎಂದು ಅವರು ತೋರಿಸಿದರು. ಸದ್ದಿನ ಶಬ್ದಗಳಲ್ಲೂ ಈ ನಂಟು ಕಾಣುತ್ತದೆ. ಕರೆದವರಿಗೆ ಉತ್ತರಿಸುವುದು ಕನ್ನಡದಲ್ಲಿ ‘ಓಗೊಡು’, ಅಂದರೆ ‘ಓ’ ಕೊಡುವುದು. ಮರಾಠಿಯಲ್ಲೂ ‘ಓ ದೇಣೆ’, ಅದೇ ‘ಓ’ ಕೊಡುವುದು. ನಮ್ಮ ‘ಉಹೂಂ’ಗೆ ಅವರದು ‘ಅಂಹಂ’. ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತವರಿಗೆ ಇಷ್ಟು ಸಾಕು, ಮಿರಜದ ತನಕ ಮಾತು ಸಾಗುತ್ತದೆ.

ಆದರೆ ತೊಡಕು ಇರುವುದೂ ಇಲ್ಲಿಯೇ. ‘ಹೂಂ’ನ ಹತ್ತು ಅರ್ಥಗಳಲ್ಲಿ ಎರಡು ಬಹಳ ಹತ್ತಿರದವು: ‘ಕೇಳುತ್ತಿದ್ದೇನೆ’ ಮತ್ತು ‘ಒಪ್ಪಿದ್ದೇನೆ’. ಅಜ್ಜಿ ಕತೆ ಹೇಳುವಾಗ ಮೊಮ್ಮಕ್ಕಳು ಹೂಂಗುಟ್ಟುತ್ತಿರಬೇಕು. ಹೂಂಗುಟ್ಟುವುದು ನಿಂತರೆ ಕತೆಯೂ ನಿಂತಿತು. ಆ ‘ಹೂಂ’ನಲ್ಲಿ ಒಪ್ಪಿಗೆಯ ಮಾತೇ ಇಲ್ಲ, ರಾಕ್ಷಸ ರಾಜಕುಮಾರಿಯನ್ನು ಹೊತ್ತೊಯ್ದ ಅಂದಾಗಲೂ ಮಗು ‘ಹೂಂ’ ಅನ್ನುತ್ತದೆ! ಜಪಾನೀಯರ ‘ಹಾಯ್’ ಕೂಡ ಹೀಗೇ. ಅವರು ‘ನಿಮ್ಮ ಮಾತು ಕಿವಿಗೆ ಬಿತ್ತು’ ಎಂಬರ್ಥದಲ್ಲಿ ಅದನ್ನು ಅನ್ನುತ್ತಿದ್ದರೆ, ಎದುರಿಗೆ ಕುಳಿತ ಪರದೇಶದ ವ್ಯಾಪಾರಿ ವ್ಯವಹಾರ ಕುದುರಿತೆಂದೇ ತಿಳಿದಿರುತ್ತಾನೆ.

ವ್ಯಾಪಾರದಲ್ಲಾದರೆ ಹಣ ಹೋದೀತು, ದವಾಖಾನೆಯಲ್ಲಿ ಹಾಗಲ್ಲ. ಕಾಗವಾಡದ ಕಡೆಯವರಿಗೆ ದೊಡ್ಡ ಬ್ಯಾನಿ ಬಂದರೆ ಮಿರಜವೇ ಹತ್ತಿರ. ಅಲ್ಲಿ ಮರಾಠಿ ಮಾತಾಡುವ ಡಾಕ್ಟರ ಮುಂದೆ, ಮನೆಯಲ್ಲಿ ಕನ್ನಡವಷ್ಟೇ ಆಡುವ ಅಜ್ಜಿಯೊಬ್ಬಳು ಕುಳಿತಿದ್ದಾಳೆ ಎಂದುಕೊಳ್ಳಿ. ಸಕ್ಕರೆ ಕಾಯಿಲೆಯ ಗುಳಿಗೆ ಯಾವಾಗ, ಎಷ್ಟು ಎಂದು ಡಾಕ್ಟರು ಹೇಳುತ್ತಾರೆ. ಅಜ್ಜಿ ‘ಹೂಂ’ ಅನ್ನುತ್ತಾಳೆ. ಗುಳಿಗೆ ನುಂಗಿ ಊಟ ಬಿಡಬಾರದು ಎನ್ನುತ್ತಾರೆ. ಅದಕ್ಕೂ ‘ಹೂಂ’. ‘ಕಳಲಂ ಕಾ, ಆಜೀ?’ ಎಂದು ಕೇಳುತ್ತಾರೆ. ‘ಹೂಂನ್ರೀ.’ ಇಬ್ಬರಿಗೂ ಸಮಾಧಾನ. ಆಕೆಯ ‘ಹೂಂ’ಗೆ ಅರ್ಥ ‘ನೀವು ದೊಡ್ಡವರು, ಹೇಳ್ರಿ, ಕೇಳಾಕತ್ತೀನಿ’ ಎಂದಷ್ಟೇ. ಮುಂದಿನ ಏಕಾದಶಿಗೆ ಗುಳಿಗೆ ನುಂಗಿ ಉಪವಾಸ ಮಾಡುತ್ತಾಳೆ. ಈ ಕಾಯಿಲೆಯ ಕೆಲವು ಗುಳಿಗೆಗಳನ್ನು ತೆಗೆದುಕೊಂಡು ಊಟ ಬಿಟ್ಟರೆ ರಕ್ತದಲ್ಲಿನ ಸಕ್ಕರೆ ಕುಸಿದು ಎಚ್ಚರ ತಪ್ಪುವುದುಂಟು. ಅಷ್ಟು ಭಾರ ಒಂದು ಅಕ್ಷರದ ಮೇಲೆ!

ಇದು ಬರೀ ಭಾಷೆಯ ತೊಂದರೆಯೂ ಅಲ್ಲ. ಹೇಳುವವನು ಎತ್ತರದಲ್ಲಿ, ಕೇಳುವವನು ಕೆಳಗೆ ಇರುವ ಕಡೆಯೆಲ್ಲ, ಇಬ್ಬರದೂ ಕನ್ನಡವೇ ಆದರೂ, ‘ಹೂಂ’ ಹೀಗೆಯೇ ಮೋಸ ಮಾಡುತ್ತದೆ. ಬ್ಯಾಂಕಿನ ಸಾಲದ ಕಾಗದ ಓದಿ ಹೇಳಿದಾಗ ರೈತ ಅನ್ನುವ ‘ಹೂಂ’. ಹೊಲದ ಪಾಲಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅಕ್ಕ ಅನ್ನುವ ‘ಹೂಂ’. ವರ ನೋಡಿ ಹೋದ ಸಂಜೆ ನೆಲ ನೋಡುತ್ತ ಹುಡುಗಿ ಅನ್ನುವ ‘ಹೂಂ’. ಹಿರಿಯರಿಗೆ ಆ ‘ಹೂಂ’ನಲ್ಲಿ ಕೇಳಿಸಬೇಕಾದದ್ದು ಕೇಳಿಸಿರುವುದಿಲ್ಲ, ಕೇಳಿಸಲಿ ಎಂದು ತಾವು ಬಯಸಿದ್ದು ಕೇಳಿಸಿರುತ್ತದೆ. ಒಂದೊಂದು ಸಲ ಅದು ಬರೀ ನಿಟ್ಟುಸಿರೂ ಆಗಿರಬಹುದು.

ಒಪ್ಪಿಗೆ ಹಗುರದ ಮಾತಲ್ಲ. ಛಾಂದೋಗ್ಯ ಉಪನಿಷತ್ತು ‘ಓಂ’ ಎಂಬುದನ್ನೇ ಸಮ್ಮತಿಯ ಅಕ್ಷರವೆನ್ನುತ್ತದೆ. ಯಾವುದಕ್ಕಾದರೂ ಒಪ್ಪುವಾಗ ಮನುಷ್ಯ ‘ಓಂ’ ಅನ್ನುತ್ತಾನಂತೆ. 1872ರ ಭಾರತೀಯ ಕರಾರು ಕಾಯಿದೆಯ 13ನೆಯ ಕಲಮು ಇನ್ನೂ ಬಿಗಿ. ಅದರ ಪ್ರಕಾರ ಸಮ್ಮತಿಯೆಂದರೆ ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪುವುದು. ಅರ್ಥ ಎರಡಾದರೆ ಹೂಂ ಅಂದರೂ ಒಪ್ಪಿದಂತಲ್ಲ.

ಹಾಗಾದರೆ ಉಪಾಯವೇನು? ವೈದ್ಯರಿಗೆ ಈಗ ಒಂದು ಸುಲಭದ ಪದ್ಧತಿ ಕಲಿಸುತ್ತಾರೆ. ರೋಗಿಗೆ ‘ತಿಳೀತೇನು?’ ಎಂದು ಕೇಳಬಾರದು. ಕೇಳಿದರೆ ಬರುವ ಉತ್ತರ ಒಂದೇ. ಅದರ ಬದಲು ‘ಮನೆಗೆ ಹೋಗಿ ಈ ಗುಳಿಗೆ ಹೆಂಗ ತಗೋತೀರಿ, ನಿಮ್ಮ ಬಾಯಲ್ಲೇ ಒಮ್ಮೆ ಹೇಳ್ರಿ’ ಎಂದು ಕೇಳಬೇಕು. ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಹೊಸ ಪದ್ಧತಿ ಎನ್ನುತ್ತಾರೆ. ಆದರೆ ಕತೆ ಹೇಳುವ ಅಜ್ಜಿಗೆ ಇದು ಎಂದೋ ಗೊತ್ತಿತ್ತು. ಹೂಂಗುಟ್ಟುವ ದನಿ ಯಂತ್ರದ ಹಾಗೆ ಒಂದೇ ಸಮನಾದರೆ ಆಕೆ ಕತೆ ನಿಲ್ಲಿಸಿ ಕೇಳುತ್ತಿದ್ದಳು: ‘ಹಂಗಾರ ಹೇಳು ನೋಡೂಣು, ರಾಜಕುಮಾರ ಈಗ ಎಲ್ಲಿದ್ದಾನ?’ ಮೊಮ್ಮಗ ನಿದ್ದೆಗಣ್ಣಲ್ಲಿ ಅನ್ನುತ್ತಿದ್ದ, ‘ಹೂಂ.’