ಚೂರು ಕೊಡಬೇಕೆ, ಬೆಳಕು ಸಾಕೆ?

ಹಳೆಯ ವಸ್ತುವಿನಿಂದ ಒಂದು ಚೂರು ಕಿತ್ತು ಪ್ರಯೋಗಾಲಯಕ್ಕೆ ಕೊಡಬಹುದೇ? ಸಂಗ್ರಹಾಲಯದವರಿಗೂ ರಸಾಯನಶಾಸ್ತ್ರಜ್ಞರಿಗೂ ಈ ಜಗಳ ಮುಗಿದೇ ಇಲ್ಲ. ಎರಡೂ ಕಡೆಯ ಬಲಾಬಲ ನೋಡಬೇಕಾದರೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ವಿನ್‌ಲ್ಯಾಂಡ್ ನಕ್ಷೆಯ ಕಥೆ ಕೇಳಬೇಕು. ಕೊಲಂಬಸ್‌ಗಿಂತ ಮೊದಲೇ, 15ನೇ ಶತಮಾನದಲ್ಲಿ, ಉತ್ತರ ಅಮೆರಿಕದ ಕರಾವಳಿಯನ್ನು ಬರೆದಿಟ್ಟ ಚರ್ಮಪತ್ರ ಎಂದು ಯೇಲ್ 1965ರಲ್ಲಿ ಅದನ್ನು ಪುಸ್ತಕವೊಂದರಲ್ಲಿ ಪ್ರಕಟಿಸಿತು. ಅದೂ ಕೊಲಂಬಸ್ ದಿನದ ಹಿಂದಿನ ದಿನ. ಕೆಣಕಲಿಕ್ಕೆಂದೇ ಇರಬೇಕು.

1970ರ ದಶಕದ ಮೊದಲಲ್ಲಿ ರಸಾಯನಶಾಸ್ತ್ರಜ್ಞ ವಾಲ್ಟರ್ ಮೆಕ್ರೋನ್ ಗೆರೆಗಳಿಂದ ಅತಿ ಸಣ್ಣ ಕಣಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ಶಾಯಿಯ ಹಳದಿ ಅಂಚಿನಲ್ಲಿ ಸಿಕ್ಕಿದ್ದು ಅನಟೇಸ್, ಅಂದರೆ ಟೈಟಾನಿಯಂ ಡೈಆಕ್ಸೈಡ್‌ನ ಒಂದು ರೂಪ. ಆ ಬಣ್ಣ ಕಾರ್ಖಾನೆಗಳಲ್ಲಿ ತಯಾರಾಗತೊಡಗಿದ್ದು 1920ರ ಸುಮಾರಿಗೆ. ನಕ್ಷೆ ಖೋಟಾ ಎಂದರು ಮೆಕ್ರೋನ್.

1985ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಏನನ್ನೂ ಕೀಳದೆ ನಕ್ಷೆಯ ಮೇಲೆ ಪ್ರೋಟಾನ್ ಕಿರಣ ಹಾಯಿಸಿತು. ಟೈಟಾನಿಯಂ ಲೇಶಮಾತ್ರ ಎಂದಿತು. ನಕ್ಷೆಯ ಮಾನ ಮರಳಿತು; 1995ರಲ್ಲಿ ಯೇಲ್ ಪುಸ್ತಕವನ್ನು ಮರುಮುದ್ರಿಸಿತು.

ಇಬ್ಬರಲ್ಲಿ ಯಾರದೂ ಕೈಚಳಕವಲ್ಲ. ಒಬ್ಬರು ಮೂಟೆಯಿಂದ ಒಂದು ಕಾಳು ಹೆಕ್ಕಿ ನೋಡಿದರು, ಇನ್ನೊಬ್ಬರು ಮೂಟೆಯನ್ನೇ ತೂಗಿದರು. ಕಿರಣ ತೆಳುವಾದ ಶಾಯಿಯ ಜೊತೆಗೆ ಅಡಿಯ ಚರ್ಮವನ್ನೂ ಅಳೆಯುತ್ತದೆ. ಕಣವಾದರೋ ತಾನೇನೆಂದು ಹೇಳೀತು, ತನ್ನಂಥವು ಇನ್ನೆಷ್ಟಿವೆ ಎಂದು ಹೇಳದು. ಎಲ್ಲಿಂದಲೋ ಬಂದು ಕೂತ ಕೊಳೆ ಎಂದು ವಾದಿಸುವವರಿಗೂ ಅದು ಎಡೆಕೊಡುತ್ತದೆ.

2002ರಲ್ಲಿ ಎರಡು ಫಲಿತಾಂಶ ಹೊರಬಿದ್ದವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಲೇಸರ್ ಬೆಳಕಿನ ರಾಮನ್ ವಿಧಾನದಿಂದ, ಮುಟ್ಟದೆಯೇ, ಹಳದಿ ಗೆರೆಗಳಲ್ಲಿ ಅನಟೇಸ್ ಕಂಡರು. ಸರ್ ಸಿ.ವಿ. ರಾಮನ್ 1928ರಲ್ಲಿ ಕಂಡುಕೊಂಡ ಬೆಳಕಿನ ಗುಣವೇ ಇಲ್ಲಿ ದುಡಿದದ್ದು. ಇತ್ತ ಕಾಲನಿರ್ಣಯಕ್ಕೆಂದು ಚರ್ಮಪತ್ರದ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿದ್ದರು. ಅರಿಝೋನಾದ ರೇಡಿಯೊಕಾರ್ಬನ್ ಪ್ರಯೋಗಾಲಯ ಕೊಟ್ಟ ಉತ್ತರ: ಸುಮಾರು 1434. ಚರ್ಮ ಅಸಲಿ, ಬರಹ ನಕಲಿ! ಹಾಗೆಂದು ಕತ್ತರಿ ವ್ಯರ್ಥವಾಯಿತೆನ್ನಲಾರೆ. ಖೋಟಾಗಾರ ನಿಜವಾದ ಹಳೆಯ ಹಾಳೆಯನ್ನೇ ಹುಡುಕಿ ತಂದಿದ್ದ ಎಂಬುದು ಖಚಿತವಾದದ್ದು ಅದರಿಂದಲೇ. ಯಾವ ಬೆಳಕೂ ಆ ಇಸವಿಯನ್ನು ಹೇಳುತ್ತಿರಲಿಲ್ಲ.

ನನ್ನ ಒಲವು ಮುಟ್ಟದ ಉಪಕರಣಗಳ ಕಡೆಗೆ, ಆದರೆ ಷರತ್ತಿನ ಮೇಲೆ. ಏನಿದೆ, ಎಲ್ಲೆಲ್ಲಿದೆ ಎಂಬ ಪ್ರಶ್ನೆಗೆ ಮೊದಲು ಎಕ್ಸ್‌ರೇ, ರಾಮನ್ ಸಾಕು. ಯಾವಾಗಿನದು ಎಂಬ ಪ್ರಶ್ನೆ ಉಳಿದರೆ, ಆ ಉತ್ತರದಿಂದ ತೀರ್ಪು ಬದಲಾಗುವಂತಿದ್ದರೆ, ಒಂದು ಚೂರು ಕೊಡಲೇಬೇಕು. ಮೂಲವನ್ನು ಮುಟ್ಟಕೂಡದು ಎಂಬ ಹಟದ ಮರೆಯಲ್ಲಿ ಎಷ್ಟೋ ಸಲ ಸಂಗ್ರಹಕಾರನ ಅಳುಕು ಅಡಗಿರುತ್ತದೆ. ಕತ್ತರಿಸಿಬಿಡೋಣ ಎನ್ನುವವರಲ್ಲಿ ಹೊಸ ಯಂತ್ರದ ಉಮೇದು.

2021ರಲ್ಲಿ ಯೇಲ್ ಇಡೀ ನಕ್ಷೆಯನ್ನು ಎಕ್ಸ್‌ರೇ ಪ್ರತಿದೀಪ್ತಿಯಿಂದ ಜಾಲಾಡಿತು. ಟೈಟಾನಿಯಂ ಗೆರೆಗೆರೆಯಲ್ಲೂ ಇತ್ತು. ಹಿಂಬದಿಯ ಹಳೆಯ ಲ್ಯಾಟಿನ್ ಟಿಪ್ಪಣಿಯೊಂದರ ಮೇಲೆ ಯಾರೋ ಆಧುನಿಕ ಶಾಯಿಯಲ್ಲಿ ತಿದ್ದಿ ಬರೆದಿದ್ದರು. ಮೋಸ ಉದ್ದೇಶಪೂರ್ವಕ ಎನ್ನಲು ಆಧಾರವಾದದ್ದು ಅದೇ. ಮೇಲಿನ ಶಾಯಿ ಹೊಸದೆಂದು ಯಂತ್ರ ಹೇಳಿತು. ಬರಹದ ಅರ್ಥ ಬಿಡಿಸಲು ಲ್ಯಾಟಿನ್ ಬಲ್ಲವರೇ ಬೇಕಾಯಿತು.