ಎರಡು ಬಚ್ಚಲಕ್ಕೆ ಒಂದೇ ಫ್ಯಾನು: ಉಳಿತಾಯವೋ, ಉಪದ್ರವವೋ?

ಕುಂದಗೋಳ: ಅಣ್ಣತಮ್ಮಂದಿರು ಪಾಲಾದರೆ ಮೊದಲು ಬೇರೆಯಾಗುವುದು ಒಲೆ, ಆಮೇಲೆ ಬಚ್ಚಲು. ಹಳೆಯ ಮಾಳಿಗೆ ಮನೆಯ ದೊಡ್ಡ ಬಚ್ಚಲಿನ ನಡುವೆ ಇಟ್ಟಂಗಿ ಗೋಡೆ ಏಳುತ್ತದೆ. ಬೆಳಕಿಂಡಿ ಒಬ್ಬರ ಪಾಲಿಗೆ ಹೋದರೆ ಇನ್ನೊಬ್ಬರ ಪಾಲಿಗೆ ಕತ್ತಲು, ಹಬೆ, ಗೋಡೆಗೆ ಬೂಷ್ಟು. ಆಗ ಮೇಸ್ತ್ರಿ ಹೇಳುವ ಉಪಾಯ ಒಂದೇ: "ನಡುಗ್ವಾಡಿ ಮ್ಯಾಲೆ ಒಂದ ಫ್ಯಾನ್ ಕೂಡ್ರಸೂಣ್ರಿ, ಇಬ್ಬರಿಗೂ ಆಕ್ಕೈತಿ."

ಆಗುತ್ತದೆಯೇ? ಆಗುತ್ತದೆ, ಆದರೆ ಹಾಗಲ್ಲ. ನಡುಗೋಡೆಗೆ ತೂತು ಕೊರೆದು ಫ್ಯಾನು ಇಟ್ಟರೆ ಅಣ್ಣನ ಬಚ್ಚಲಿನ ವಾಸನೆ ತಮ್ಮನ ಬಚ್ಚಲಿಗೆ ಬಂತು, ಅಷ್ಟೇ. ಹೊಲಸು ಗಾಳಿ ಮನೆಯ ಹೊರಗೇ ಹೋಗಬೇಕು. ಅದಕ್ಕೆ ಎರಡೂ ಬಚ್ಚಲಿನಿಂದ ಒಂದೊಂದು ಕೊಳವೆ ತಂದು ಮೇಲೆ ಕೂಡಿಸಿ, ಕೂಡಿದ ಮೇಲೆ ಫ್ಯಾನು ಇಟ್ಟು, ಬಾಯಿಯನ್ನು ಹೊರಗೋಡೆಗೋ ಮಾಳಿಗೆಗೋ ಒಯ್ಯಬೇಕು. ಪ್ರತಿ ಕೊಳವೆಗೂ ಒಂದೇ ಕಡೆ ತೆರೆಯುವ ಮುಚ್ಚಳ ಬೇಕು. ಇಲ್ಲದಿದ್ದರೆ ಫ್ಯಾನು ನಿಂತಾಗ ಆ ಕೊಳವೆಯೇ ಎರಡು ಮನೆಯ ನಡುವಿನ ಕಿಟಕಿ. ವಾಸನೆ ಅಷ್ಟೇ ಅಲ್ಲ, ಮಾತೂ ದಾಟುತ್ತದೆ. ಪಾಲಾದ ಮನೆಯಲ್ಲಿ ಅದು ಬೇಕೇನ್ರಿ?

ಇನ್ನೊಂದು ಮಾತು. ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಬಾಗಿಲ ಕೆಳಗೆ ಒಂದಿಂಚು ಸಂದಿ ಬಿಡದೆ ಬಿಗಿಯಾಗಿ ಮುಚ್ಚಿದರೆ ಫ್ಯಾನು ಮೋರಿಯಿಂದಲೇ ಗಾಳಿ ಎಳೆಯುತ್ತದೆ. ಇದು ಬರೀ ಹೆದರಿಕೆಯ ಮಾತಲ್ಲ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿ ಕಟ್ಟಡಗಳಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ರೋಗ ಹತ್ತಿತು. ಬಚ್ಚಲಿನ ಮೋರಿಯ ಬಾಗು ಕೊಳವೆಗಳಲ್ಲಿ ನೀರು ಒಣಗಿತ್ತು. ಫ್ಯಾನು ಹಾಕಿದಾಗ ಸೋಂಕಿನ ಗಾಳಿ ಒಳಗೆ ಬಂತು ಎಂದು ತನಿಖೆ ಮಾಡಿದವರು ಹೇಳಿದರು. ಬಳಸದ ಬಚ್ಚಲಿನ ಮೋರಿಗೂ ಆಗಾಗ ಒಂದು ತಂಬಿಗೆ ನೀರು ಹಾಕಬೇಕು.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಗ್ಯಾಸ್ ಗೀಸರು. 2025ರ ಅಕ್ಟೋಬರಿನಲ್ಲಿ ಪಿರಿಯಾಪಟ್ಟಣದಲ್ಲಿ ಗ್ಯಾಸ್ ಗೀಸರಿದ್ದ ಬಚ್ಚಲಿನಲ್ಲೇ ಅಕ್ಕತಂಗಿ ಇಬ್ಬರು ಜೀವ ಬಿಟ್ಟರು. ಗಾಳಿ ಸಾಲದೆ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ತಿರುಗುವುದರೊಳಗೆ ಕಾಲಲ್ಲಿ ಶಕ್ತಿ ಇರುವುದಿಲ್ಲ. ಎರಡು ಬಚ್ಚಲು ಒಂದೇ ಕೊಳವೆಗೆ ಕೂಡಿದ್ದರೆ ಒಬ್ಬರ ಗೀಸರಿನ ವಿಷ ಇನ್ನೊಬ್ಬರ ಮನೆಗೂ ಹೋಗಬಹುದು. ಬಾಗಿಲು ಬಿಗಿಯಾಗಿದ್ದರೆ ಫ್ಯಾನೇ ಆ ವಿಷವನ್ನು ಒಳಗೆಳೆದೀತು. ಆದ್ದರಿಂದ ಗ್ಯಾಸ್ ಗೀಸರು ಬಚ್ಚಲಿನ ಹೊರಗೆ, ಬಯಲು ಗಾಳಿಯಲ್ಲಿ ಇರಲಿ. ಕಟ್ಟಿಗೆ ಒಲೆಯ ಹಂಡೆಯಿದ್ದಲ್ಲಿಯೂ ಈ ಕೂಡುಫ್ಯಾನಿನ ಸಹವಾಸ ಬೇಡ.

ಇನ್ನು ಕರೆಂಟಿನ ಜಗಳ. 40 ವ್ಯಾಟಿನ ಫ್ಯಾನು ದಿನಕ್ಕೆ ಒಂದು ತಾಸು ತಿರುಗಿದರೆ ತಿಂಗಳಿಗೆ ಸುಮಾರು ಒಂದೂಕಾಲು ಯೂನಿಟ್. 200 ಯೂನಿಟ್‌ವರೆಗಿನ ಗೃಹಜ್ಯೋತಿ ಇರುವ ಮನೆಗೆ ಇದೊಂದು ಲೆಕ್ಕವೇ? ಆದರೂ "ನಂದ್ಯಾಕ, ನಿಂದ್ಯಾಕ" ಎಂದು ಎರಡು ಮೀಟರಿನ ವಾಯರನ್ನು ಒಂದೇ ಫ್ಯಾನಿಗೆ ಕೂಡಿಸುವವರಿದ್ದಾರೆ. ಒಂದು ಮನೆಯ ಮೇನ್ ಸ್ವಿಚ್ ತೆಗೆದರೂ ಇನ್ನೊಂದರಿಂದ ಕರೆಂಟು ಬಂದು ರಿಪೇರಿ ಮಾಡುವವನ ಕೈ ಹಿಡಿಯುತ್ತದೆ. ಫ್ಯಾನು ಒಂದೇ ಮೀಟರಿನ ಮೇಲಿರಲಿ, ಹಣ ಕೈಯಿಂದ ಕೈಗೆ ಹೋಗಲಿ.

ಒಟ್ಟು ಲೆಕ್ಕವೇನು? ಒಂದೇ ಸಂಸಾರದ ಎರಡು ಬಚ್ಚಲಿಗೆ ಒಂದು ಫ್ಯಾನು ಸರಿ. ಪಾಲಾದ ಮನೆಗೆ, ಬಾಡಿಗೆಯ ಸಾಲುಮನೆಗೆ ಎರಡು ಸಣ್ಣ ಫ್ಯಾನೇ ಸೋವಿ. ಕೂಡಿದ ಫ್ಯಾನು ಕೆಟ್ಟ ದಿನ ರಿಪೇರಿ ಯಾರು ಮಾಡಿಸಬೇಕೆಂಬ ಪಂಚಾಯ್ತಿಗೆ ಓಣಿಯ ಹಿರಿಯರೇ ಬರಬೇಕಾದೀತು.

ಮನೆ ಕಟ್ಟುವ ಪರವಾನಿಗೆ ಕೊಡುವಾಗ ಪಟ್ಟಣ ಪಂಚಾಯ್ತಿಯವರು ರಸ್ತೆಗೆ ಬಿಟ್ಟ ಜಾಗ ಅಳೆಯುತ್ತಾರೆ. ಬಚ್ಚಲಿನ ಗಾಳಿಕಿಂಡಿಯನ್ನೂ ಒಮ್ಮೆ ತಲೆ ಎತ್ತಿ ನೋಡಬಾರದೇ?